ಹಿಮದೊಳಗಿದ್ದವನ ಹೆಂಡತಿ

ದೂರದ ನೆಂಟರು ಬರುವವರೆಗೆ ಹೆಣ ಕೆಡದಂತೆ ಕಾಯುವ ಬಾಡಿಗೆಯ ಐಸ್ ಪೆಟ್ಟಿಗೆಯನ್ನು ನೀವೂ ನೋಡಿರುತ್ತೀರಿ. ಹೋದ ತಿಂಗಳು ಹುಮನಾಬಾದಿನ ಮನೆಯ ಪಡಸಾಲೆಯಲ್ಲಿ ಅದು ಗುಂಯ್‌ಗುಡುತ್ತಿತ್ತು. ಒಳಗೆ ನನ್ನ ಅಕ್ಕ. ಬಂದವರೆಲ್ಲ ಎಂಥ ಅನುಕೂಲ ಎಂದು ಹೊಗಳುತ್ತಿದ್ದರು. ನನಗೋ ಅದನ್ನೆತ್ತಿ ಬೀದಿಗೆ ಎಸೆಯುವಷ್ಟು ಸಿಟ್ಟು. ಮಂಡಿನೋವಿನವಳು ನಾನು, ಎಸೆಯುವುದಿರಲಿ, ಏಳುವುದಕ್ಕೇ ಇಬ್ಬರು ಬೇಕು.

ಭಾವ ಡಾಕ್ಟರಿಕೆ ಕಲಿಯಲು ವಿಲಾಯತಿಗೆ ಹೋದದ್ದು ದೊಡ್ಡ ಯುದ್ಧಕ್ಕೆ ಸ್ವಲ್ಪ ಮುಂಚೆ. ಹೊಸ ಮದುವೆಯ ಅಕ್ಕನಿಗೆ ಬೇಸರವಾದೀತೆಂದು ಕಲ್ಯಾಣಿ ಎಂಬ ಊರಿನ ತವರಿನಿಂದ ನನ್ನನ್ನು ಹುಮನಾಬಾದಿನ ಅವಳ ಗಂಡನ ಮನೆಗೆ ಜೊತೆಗೆ ಕಳಿಸಿದ್ದರು. ಜೊತೆಗಿಂತ ಹೆಚ್ಚಾಗಿ ನಾನು ಅವಳ ಪಾಲಿನ ಬೆಲ್ಲ ತಿಂದೆ. ಒಮ್ಮೆ ಭಾವನ ಫೋಟೋ ಬಂತು. ಸುತ್ತ ಬಿಳಿ ಬೆಟ್ಟ, ಎತ್ತರದಲ್ಲಿ ಒಂದು ಹೋಟೆಲು, ಭಾವನ ಕಾಲಿಗೆ ಎರಡು ಉದ್ದನೆಯ ಹಲಗೆ.

ಅಕ್ಕನ ಅತ್ತೆ ಗಾಬರಿಯಾದರು. "ಹಲಿಗಿ ಕಟ್ಟಿ ನಿಂದ್ರಿಸ್ಯಾರಲ್ಲ, ಏನ ತಪ್ಪ ಮಾಡಿದ್ದ ನನ್ನ ಮಗ?"

"ಶಿಕ್ಷಾ ಅಲ್ರಿ ಅತ್ತಿ, ಸೂಟಿ. ಅಲ್ಲಿ ಮಂದಿ ಸೂಟ್ಯಾಗ ಬರ್ಫದ ಮ್ಯಾಲ ಜಾರಾಕ ಹೋಗ್ತಾರಂತ," ಎಂದು ಅಕ್ಕ ಭಾವನ ರಜೆಯ ವಿಷಯ ತಿಳಿಸಿದಳು.

"ಜಾರಾಕ ಅಷ್ಟ ದೂರ ಯಾಕ? ನಮ್ಮ ಬಚ್ಚಲದಾಗ ಪಾಚಿ ಇಲ್ಲೇನು?"

ನಾವು ನಕ್ಕೆವು. ಆ ಮನೆಯಲ್ಲಿ ಮೂವರೂ ಸೇರಿ ನಕ್ಕದ್ದು ಅದೇ ಕೊನೆ.

ಮುಂದಿನ ರಜೆಯಲ್ಲಿ ಭಾವ ಅಲ್ಲಿಗೇ ಹೋಗಿ, ಹಿಮನದಿಯ ಬಿರುಕಿನಲ್ಲಿ ಬಿದ್ದು ಸತ್ತ. ಹೆಣ ಸಿಗಲಿಲ್ಲ. ಜೊತೆಯಲ್ಲಿ ಓದುತ್ತಿದ್ದ ಹೈದರಾಬಾದಿನ ಹುಡುಗ ಊರಿಗೆ ಮರಳಿದಾಗ ತಾನೇ ಬಂದು ಹೇಳಿದ. ಅತ್ತೆಯ ಅಳು ನೋಡಲಾರದೆ ಒಂದು ಸಮಾಧಾನದ ಮಾತನ್ನೂ ಆಡಿದ. "ಅಲ್ಲಿ ಬರ್ಫ ಮೆಲ್ಲಕ ಕೆಳಗ ಸರೀತೈತ್ರಿ ಅಮ್ಮಾ. ನುಂಗಿದ್ದನ್ನ ಒಂದಿನ ತಂದ ಬಿಡ್ತೈತಿ. ದೇಹಾ ಕೊಳಿಯಂಗಿಲ್ಲ, ಹ್ಯಾಂಗಿತ್ತೋ ಹಾಂಗ ಇರತೈತಿ."

ಪಾಪದ ಹುಡುಗ. ಅವನ ಸಮಾಧಾನ ಅತ್ತೆಗೆ ಭಾಷೆ ಕೊಟ್ಟಂತಾಯಿತು. ನಮ್ಮಲ್ಲಿ ಸತ್ತವರನ್ನು ಮೀಯಿಸಿ, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣಿನಲ್ಲಿ ಕೂರಿಸುತ್ತಾರೆ. ಹಿರಿಯರು ಕ್ರಿಯೆಯ ಮಾತೆತ್ತಿದರೆ ಅತ್ತೆಯದು ಒಂದೇ ಉತ್ತರ: "ಕುಂದ್ರಸಾಕ ನನ್ನ ಮಗನ್ನ ತಂದ ಕೊಡ್ರಿ. ಆಮ್ಯಾಲ ಸೊಸಿ ಕುಂಕುಮ ಅಳಸ್ತೀನಿ."

ಬೇಸಿಗೆಯಲ್ಲಿ ಊರೆಲ್ಲ ಬಿಸಿಲನ್ನು ಬೈದರೆ ಅತ್ತೆ ಅಂಗಳಕ್ಕೆ ಬಂದು ಕೈಮುಗಿಯುತ್ತಿದ್ದರು. ಇಲ್ಲಿ ಇಷ್ಟು ಉರಿದರೆ ಅಲ್ಲಿಯೂ ಒಂದಿಷ್ಟು ಕರಗೀತು ಎಂಬ ಲೆಕ್ಕ. ನಾನು ಒಮ್ಮೆ ಬಜಾರಿನಿಂದ ಐಸಿನ ತುಂಡು ತಂದೆ. ಮನೆ ಮುಟ್ಟುವಷ್ಟರಲ್ಲಿ ಕೈಯಲ್ಲಿ ಬರೀ ನೀರು, ಒಂದಿಷ್ಟು ಕಟ್ಟಿಗೆಯ ಹೊಟ್ಟು. ಅಕ್ಕ ನನ್ನ ಒದ್ದೆ ಕೈ ಹಿಡಿದು, "ಇದು ಇಷ್ಟ ಲಗೂ ಕರಗತೈತಿ. ಅಲ್ಲೀದು ಯಾಕ ಕರಗವಲ್ದು?" ಎಂದಳು. ಅವಳಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ.

ಗಂಡ ಸತ್ತವಳಿಗೆ ನಮ್ಮಲ್ಲಿ ಉಡಿಕೆ, ಅಂದರೆ ಮರುಮದುವೆ ಉಂಟು. ಯುದ್ಧ ಮುಗಿಯುವ ಹೊತ್ತಿಗೆ ಕಲ್ಯಾಣಿಯ ಶಾಲೆಯ ಮಾಸ್ತರರೊಬ್ಬರು, ಹೆಂಡತಿ ತೀರಿಕೊಂಡವರು, ಅಕ್ಕನನ್ನು ಕೇಳಿದರು. ಅಪ್ಪ ಒಪ್ಪಿದ. ಅಕ್ಕನೂ ಒಪ್ಪಿದಳು. ಅತ್ತೆಯ ಮುಂದೆ ಕೂತು ಬಳೆ ತೊಟ್ಟ ಎರಡೂ ಕೈ ಚಾಚಿದಳು.

"ನನ್ನ ಬಳಿ ಒಡದ ಬಿಡ್ರಿ ಅತ್ತಿ."

"ನೀ ಬಳಿ ಒಡಕೊಂಡ್ರ ನನ್ನ ಮಗ ಸತ್ತಂಗ," ಎಂದರು ಅತ್ತೆ. ಸಿಟ್ಟಿನಿಂದಲ್ಲ, ಅವಳ ಕಾಲು ಹಿಡಿದುಕೊಂಡು. ಸಿಟ್ಟು ಮಾಡಿದ್ದರೆ ಅಕ್ಕ ಎದ್ದು ಹೋಗುತ್ತಿದ್ದಳು. ಕಾಲು ಹಿಡಿದವರನ್ನು ದಾಟಿ ಹೋಗುವುದು ಹೇಗೆ? ಮಾಸ್ತರರು ಬೇರೆ ಕಡೆ ಮದುವೆಯಾದರು. ಅತ್ತೆ ಸಾಯುವಾಗ ಅಕ್ಕನ ಕೂದಲೂ ನೆರೆತಿತ್ತು. ಹಿಮನದಿ ಏನನ್ನೂ ತಂದು ಬಿಡಲಿಲ್ಲ. ಬಳೆ ಅಕ್ಕನ ಕೈಯಲ್ಲೇ ಉಳಿದವು.

ಪೆಟ್ಟಿಗೆಯ ಪಕ್ಕ ಕೂತು ಇದನ್ನೆಲ್ಲ ನೆನೆಯುತ್ತಿದ್ದಾಗ ಓಣಿಯ ಹೆಣ್ಣುಮಕ್ಕಳು ಅಕ್ಕಿ, ಕೊಬ್ಬರಿ, ಹಸಿರು ಬಳೆ ತಂದರು. ಮುತ್ತೈದೆಯಾಗಿ ಸತ್ತವಳಿಗೆ ಉಡಿ ತುಂಬಿ ಕಳಿಸುವುದು ಪದ್ಧತಿ. ಒಬ್ಬಳು ಮೆಲ್ಲಗೆ ಕೇಳಿದಳು: "ಉಡಿ ತುಂಬೂದೇನ್ರಿ ಆಯಿ? ಇಲ್ಲಾ..."

"ಮೊದಲ ಈ ಪೆಟಗಿ ಬಂದ್ ಮಾಡ್ರಿ," ಎಂದೆ. "ಉಡಿ ತುಂಬಬ್ಯಾಡ್ರಿ. ಬಳಿ ಒಡೀಬೇಕು."

ಯಾರೂ ಮುಂದೆ ಬರಲಿಲ್ಲ. ಇಬ್ಬರು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಮುಚ್ಚಳ ತೆಗೆಸಿ, ಮರಗಟ್ಟಿದ ಆ ಕೈಯನ್ನು ಹಿಡಿದು ನಾನೇ ಒಂದೊಂದಾಗಿ ಬಳೆ ಒಡೆದೆ. ಭಾವ ಸತ್ತನೆಂದು ಒಪ್ಪಿಕೊಳ್ಳಲು ನಮ್ಮ ಮನೆಗೆ ಅಕ್ಕ ಸಾಯಬೇಕಾಯಿತು.