ಬಸವನಹುಳು: ಹೋರಿಯೋ ಹಸುವೋ

ನನಗೆ ಹೊಟ್ಟೆಕಿಚ್ಚು. ಯಾರ ಮೇಲೆ ಎಂದು ಕೇಳಿದರೆ ನಾಚಿಕೆಯಾಗುತ್ತದೆ: ಒಂದು ಬಸವನಹುಳುವಿನ ಮೇಲೆ, ಅದೂ ಮರಾಠಿಯ ಬಸವನಹುಳುವಿನ ಮೇಲೆ.

ಡೊಂಬಿವಲಿಯ ನಮ್ಮ ಗ್ಯಾಲರಿಯಲ್ಲಿ, ಕರಿಬೇವಿನ ಕುಂಡದ ಅಂಚಿನಲ್ಲಿ ಜುಲೈ ತಿಂಗಳ ಒಂದು ಬೆಳಿಗ್ಗೆ ಅದು ಕಾಣಿಸಿತು. ನನ್ನ ಹೆಂಡತಿ ವಾರಿಜಾ ಪಕ್ಕದ ಮನೆಯ ಸುಲಭಾ ವಹಿನಿಯನ್ನು, ನಮ್ಮ ಮಾತಿನಲ್ಲಿ ಅತ್ತಿಗೆಯನ್ನು, ಕರೆದು ತೋರಿಸಿದಳು. ಮಾತು ಹುಳುವಿನಿಂದ ನನ್ನ ಕಡೆಗೆ ಹೊರಳಿತು. ಸಕ್ಕರೆ ಕಾಯಿಲೆಯವನು ಸದ್ದಿಲ್ಲದೆ ಡಬ್ಬಿಯ ಲಾಡು ಖಾಲಿ ಮಾಡಿದ ಕತೆ. ವಹಿನಿ ನನ್ನನ್ನೊಮ್ಮೆ ನೋಡಿ, "ಗೋಗಲ್‌ಗಾಯ್, ಪೋಟಾತ್ ಪಾಯ್" ಎಂದರು. ಗೋಗಲ್‌ಗಾಯ್ ಅಂದರೆ ಬಸವನಹುಳು. ಅದರ ಕಾಲು ಹೊಟ್ಟೆಯಲ್ಲಿ. ನೋಡಲು ಸಾಧು, ಒಳಗೆ ಬೇರೆ ಎಂದು ಅರ್ಥ. ವಾರಿಜಾ ಗ್ರಿಲ್ ಹಿಡಿದುಕೊಂಡು ನಕ್ಕಳು. ಮೂವತ್ತು ವರ್ಷಗಳಲ್ಲಿ ನನ್ನ ಯಾವ ಮಾತಿಗೂ ಅವಳು ಏನನ್ನಾದರೂ ಹಿಡಿದುಕೊಂಡು ನಕ್ಕದ್ದಿಲ್ಲ. ಆ ನಗು ನನಗೆ ಬೇಕಿತ್ತು.

ಪದದ ಬೆನ್ನು ಹತ್ತಿದೆ. ತಲೆಯ ಮೇಲಿನ ಕೊಂಬು ಕಂಡು ನಮ್ಮವರು ಬಸವನೆಂದರು. ಇದನ್ನು ನನಗೆ ಹೇಳಿದ್ದು ಅಜ್ಜಿ ಎಂದು ಬರೆಯಲು ಕೈ ತುಡಿಯುತ್ತದೆ. ಆದರೆ ಆ ನೆನಪಿನ ಅಂಗಳ ತೀರಾ ಗುಡಿಸಿಟ್ಟಂತಿದೆ; ಅಜ್ಜಿ ಕೂತ ಭಂಗಿಯೂ ಯಾವುದೋ ಕ್ಯಾಲೆಂಡರಿನದು. ಪ್ರಾಯಶಃ ನಾನೇ ಊಹಿಸಿ ಅವಳ ಬಾಯಿಗೆ ಹಾಕಿದ್ದೇನೆ. 'ಗೋಗಲ್' ಎಲ್ಲಿಯದೆಂದು ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ನಮ್ಮ ಆಫೀಸಿನಲ್ಲಿ ಮೂವರನ್ನು ಕೇಳಿದೆ. ಮೂರು ವ್ಯುತ್ಪತ್ತಿ ಸಿಕ್ಕವು, ಮೂರೂ ಆ ದಿನದ ಊಟದ ಬಿಡುವಿನಲ್ಲೇ ಹುಟ್ಟಿದವು. 'ಗಾಯ್' ಮಾತ್ರ ಖಚಿತ: ಹಸು. ಅದೇ ಕೊಂಬು, ನಮಗೆ ಹೋರಿ, ಅವರಿಗೆ ಹಸು. ಯಾರು ಸರಿ? ಸಂಜೆಯ ಲೋಕಲ್ ರೈಲು ಕಳವಾ ನಿಲ್ದಾಣ ದಾಟುವಾಗ ಮೊಬೈಲಿನಲ್ಲಿ ಉತ್ತರ ಸಿಕ್ಕಿತು. ತೋಟದ ಬಸವನಹುಳು ಒಂದೇ ಮೈಯಲ್ಲಿ ಗಂಡೂ ಹೌದು, ಹೆಣ್ಣೂ ಹೌದು. ಎರಡು ಭಾಷೆಗಳೂ ಅರ್ಧರ್ಧ ನೋಡಿದ್ದವು!

ಚಪ್ಪಲಿ ಬಿಡುವ ಮೊದಲೇ ವಾರಿಜಾಳಿಗೆ ಹೇಳಿದೆ. ಪೀಠಿಕೆ ಸ್ವಲ್ಪ ಉದ್ದವಾಯಿತು. ಅವಳು ಬೀನ್ಸ್ ಮುರಿಯುತ್ತಲೇ ಕೇಳಿ, "ಹಾಗಾದ್ರೆ ಸಿಟ್ಟು ಬಂದ್ರೆ ಅದು ಯಾರ ಹತ್ರ ಮಾತು ಬಿಡ್ತದೆ?" ಎಂದಳು. ನಗಲಿಲ್ಲ. "ನೀವು ಹೇಳಿದ್ರೆ ಎಲ್ಲ ಪಾಠ ಆಗ್ತದೆ ಮಾರಾಯ್ರೆ" ಎಂದು ಎದ್ದು ಪಕ್ಕದ ಮನೆಗೆ ಹೋದಳು.

ಗೋಡೆಯಾಚೆ ಅವಳ ಮರಾಠಿ ಶುರುವಾಯಿತು. ಹಸು, ಹೋರಿ, ಗಂಡ, ಹೆಂಡತಿ, ಎಲ್ಲ ಬಂತು. ನನ್ನ ಪೀಠಿಕೆ ಮಾತ್ರ ಇರಲಿಲ್ಲ. ಮಧ್ಯೆ ನನ್ನದೇ ದನಿಯ ಅಣಕವೂ ಕೇಳಿಸಿತು, ಬಹಳ ಚೆನ್ನಾಗಿತ್ತು. ಆಮೇಲೆ ಆ ನಗು, ಏನನ್ನೋ ಹಿಡಿದುಕೊಂಡು ನಗುವ ನಗು. ಹೊಟ್ಟೆ ಉರಿಯಿತು. ಎದ್ದು ಫ್ಯಾನ್ ಆರಿಸಿದೆ. ಬೆವರಿದರೆ ಬೆವರಲಿ, ನಗು ಪೂರ್ತಿ ಕೇಳಿಸಬೇಕಿತ್ತು.