ಉತ್ತರ ಹೇಳುವವನು

ಮಣಿ ಎಣಿಸುತ್ತ ಜಪಸರ ಹೇಳುವಾಗ, ಮೊದಲು ಹೇಳುವವರಿಗಿರುವ ಮರ್ಯಾದೆ ಉತ್ತರ ಹೇಳುವವನಿಗಿಲ್ಲ ಎಂಬುದನ್ನು ನೀವು ಗಮನಿಸಿರಲಾರಿರಿ. ಆ ಚಾಕರಿಯನ್ನು ಬಹುಕಾಲ ಮಾಡಿದ ನನಗೆ ಗೊತ್ತು. ತೆಲುಗು ನಾಡಿನ ಪೆಂಡುರ್ತಿಯ ನಮ್ಮ ಮನೆಯಲ್ಲಿ ಸಂಜೆ ಕೂರುತ್ತಿದ್ದವರು ಅಜ್ಜಿ, ನಾನು, ಮತ್ತು ಏನೂ ಅರ್ಥವಾಗದಿದ್ದರೂ ಆಮೆನ್‌ಗೆ ತಪ್ಪದೆ ದನಿಗೂಡಿಸುತ್ತಿದ್ದ ನನ್ನ ತೆಲುಗು ಹೆಂಡತಿ. ಅಜ್ಜಿ ಪ್ರಾರ್ಥನೆಯ ಮೊದಲರ್ಧವನ್ನು ಕನ್ನಡದಲ್ಲಿ ಹೇಳಿ ನಿಲ್ಲಿಸುವರು, ಉಳಿದರ್ಧ ನನ್ನದು. ಅದು ಮುಗಿಯದೆ ಅವರ ಬೆರಳು ಮುಂದಿನ ಮಣಿಗೆ ಸರಿಯದು. ನಾನು ತೂಕಡಿಸಿದರೆ ಅದೇ ಮೊದಲರ್ಧ ಮತ್ತೊಮ್ಮೆ, ತುಸು ಏರಿದ ದನಿಯಲ್ಲಿ. "ಅರ್ಧ ಹೇಳಿ ಬಿಟ್ರೆ ಅದು ಪ್ರಾರ್ಥನೆ ಅಲ್ಲಪ್ಪ, ಗೊಣಗಾಟ."

ಅಜ್ಜಿ ಹಾಸನದವರು. ರೈಲ್ವೆಯ ತಾತನ ಹಿಂದೆ ಖರಗ್‌ಪುರ, ಬಿಲಾಸ್‌ಪುರ, ವಿಜಯವಾಡ ಎಂದು ಅಲೆದು, ಹೋದಲ್ಲೆಲ್ಲ ಪರರ ಮಕ್ಕಳಿಗೆ ಇಂಗ್ಲಿಷು, ಹಿಂದಿ ಕಲಿಸಿ, ನಿವೃತ್ತಿಯ ಮೇಲೆ ರೋಮ್ ಯಾತ್ರೆಗೂ ಹೋಗಿಬಂದು, ಅಲ್ಲಿನ ಇಗರ್ಜಿಗಳಿಗಿಂತ ಕಾಫಿಯ ಕಹಿಯನ್ನೇ ಹೆಚ್ಚು ವರ್ಣಿಸಿದ ಮಹಾತಾಯಿ. ಇಂಥ ಭಾಷಾಸಿರಿವಂತೆಯ ಕನ್ನಡಕ್ಕೆ ದಕ್ಕಿದ ವಾರಸುದಾರ ನನ್ನಂಥ ತೂಕಡಿಕೆಯವನು. ಹಾಸ್ಟೆಲಿನಲ್ಲಿ ಬೆಳೆದ ಅವರ ಮಗಳ ನಾಲಗೆಯಲ್ಲಿ ಉಳಿದದ್ದು ತೆಲುಗು ಬೆರೆತ ಮನೆಮಾತು ಮಾತ್ರ, ಕನ್ನಡದ ಪ್ರಾರ್ಥನೆಗಳಲ್ಲ.

ಮೊಬೈಲು ಆಗಷ್ಟೇ ಎಲ್ಲರ ಕೈಗೆ ಬಂದಿದ್ದ ಕಾಲ. ಅಜ್ಜಿಗೆ ಲಕ್ವ ಹೊಡೆಯಿತು. ಆ ಮಗಳು, ವಿಜಯವಾಡದ ನನ್ನ ಸೋದರತ್ತೆ, ಬಂದು ಕರೆದೊಯ್ದರು. ಆಟೋನಗರ್‌ಗೆ ಹತ್ತಿರದ ಮನೆ; ಹಗಲೆಲ್ಲ ಲಾರಿಯ ತಗಡು ಬಡಿಯುವ ಸದ್ದು. ಕೆಲವೇ ವಾರಗಳಲ್ಲಿ ಅತ್ತೆಯ ಫೋನು: "ಅಮ್ಮನಿಗೆ ಬುದ್ಧಿ ಪೂರ್ತಿ ಹೋಯ್ತು ರಾ. ತಿರುಗಿ ತಿರುಗಿ ಅದೇ ಅರ್ಧ ಜಪ. ನಾವು ತೆಲುಗಲ್ಲಿ ಹೇಳಿದ್ರೆ ಕೈ ಬೀಸ್ತಾಳೆ. ಡಾಕ್ಟರ್‌ಗಾರು ನಿದ್ದೆ ಇಂಜೆಕ್ಷನ್ ಬರೆದಿದಾರೆ."

ಮರುದಿನವೇ ಹತ್ತಿರದ ದುವ್ವಾಡದಲ್ಲಿ ವಿಜಯವಾಡದ ರೈಲು ಹತ್ತಿದೆ.

ಅಜ್ಜಿ ಮಂಪರಿನಲ್ಲೇ ಮೊದಲರ್ಧ ಹೇಳಿ, ನಿಲ್ಲಿಸಿ, ಕಾದು, ಮತ್ತೆ ಅದನ್ನೇ ಹೇಳುತ್ತಿದ್ದರು. ಹಾಸಿಗೆಯ ಪಕ್ಕ ಕೂತು ಉಳಿದರ್ಧ ಹೇಳಿದೆ. ಬೆರಳು ಮುಂದಿನ ಮಣಿಗೆ ಸರಿಯಿತು.

"ಎಷ್ಟೊತ್ತೋ ನಿಂಗೆ, ಉತ್ತರ ಹೇಳಕ್ಕೆ?" ಎಂದು ತೊದಲಿದರು.

"ಬುದ್ಧಿ ನೆಟ್ಟಗಿದೆ ಅತ್ತೆ, ಉತ್ತರಕ್ಕೆ ಕಾಯ್ತಿದ್ರು ಅಷ್ಟೇ. ಆ ಇಂಜೆಕ್ಷನ್ ಬೇಡ. ನಾನು ಪೆಂಡುರ್ತಿಗೆ ಕರ್ಕೊಂಡು ಹೋಗ್ತೀನಿ."

"ಬಾಗುಂದಿ, ಚೆನ್ನಾಗಿದೆ! ಮಗಳಿಗೆ ನೋಡ್ಕೊಳ್ಳೋಕಾಗ್ಲಿಲ್ಲ ಅಂತ ಚರ್ಚಲ್ಲಿ ಎಲ್ಲರೂ ಆಡ್ಕೊಳ್ಳಲಿ ಅಂತಾನಾ? ಯಾವ ಭಾಷೆ ಆದ್ರೂ ದೇವರಿಗೆ ತಿಳಿಯುತ್ತೆ."

ತಿಳಿಯುತ್ತದೆ, ಸಂಶಯವಿಲ್ಲ. ಆದರೆ ಉತ್ತರ ಹೇಳುವ ಕೆಲಸವನ್ನು ಆತ ಮನುಷ್ಯರಿಗೆ ಬಿಟ್ಟಿದ್ದಾನೆ; ಮನುಷ್ಯರೋ, ಕೇಳುವವರ ಬಾಯನ್ನೇ ಮುಚ್ಚಿಸುವ ಔಷಧ ಕಂಡುಹಿಡಿದಿದ್ದಾರೆ.

ರಜೆ ಮುಗಿದು ಹಿಂತಿರುಗಿದೆ. ಇಂಜೆಕ್ಷನ್ ಮುಂದುವರಿಯಿತು. "ಈಗ ಶಾಂತವಾಗಿದಾಳೆ" ಎಂದು ಅತ್ತೆ ಫೋನಿನಲ್ಲಿ ಸಂತೋಷದಿಂದಲೇ ಹೇಳಿದರು. ಆ ಶಾಂತಿಯಲ್ಲೇ ಅಜ್ಜಿ ಹೋದರು. ಮಣ್ಣು ಮಾಡುವಾಗ ಅಲ್ಲಿನ ಚರ್ಚಿನ ಗುರುಗಳು ಅವರ ಬಹುಭಾಷಾ ಪಾಂಡಿತ್ಯವನ್ನು ತೆಲುಗಿನಲ್ಲಿ ಮನಸಾರೆ ಹೊಗಳಿದರು.

ಮರುವರ್ಷ, ವಿಜಯವಾಡದಲ್ಲಿ ಅಜ್ಜಿ ಕಲಿಸುತ್ತಿದ್ದ ಶಾಲೆಯಲ್ಲಿ ಅವರ ಹೆಸರಿನ ಇಂಗ್ಲಿಷ್ ಭಾಷಣ ಸ್ಪರ್ಧೆ ನಡೆಯಿತು. ಬಹುಮಾನ ಕೊಟ್ಟವರು ಅತ್ತೆ. ನಾನು ಕೊನೆಯ ಸಾಲಿನಲ್ಲಿ ಕೂತು, ಎಲ್ಲರ ಜೊತೆ ಚಪ್ಪಾಳೆ ತಟ್ಟಿ, ಸಂಜೆಯ ರೈಲಿಗೆ ಊರಿಗೆ ಬಂದೆ.