ಅಂಚು ಯಂತ್ರದ ಗೊಣಗಪ್ಪ

ನನ್ನ ಬಾಯಿ ಸ್ವಲ್ಪ ಜೋರು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆ ಬಾಯಿಂದಲೇ ನಾನು ಒಬ್ಬ ದೊಡ್ಡ ಮನುಷ್ಯರಿಗೆ ಅನ್ಯಾಯ ಮಾಡಿದೆ. ದೊಡ್ಡ ಮನುಷ್ಯರೆಂದರೆ ಕಾರಿನಲ್ಲಿ ಓಡಾಡುವವರಲ್ಲ. ಎಣ್ಣೆ ಗಿರಣಿಯಲ್ಲಿ ಹಿಂಡಿಯ ಅಂಚು ಕತ್ತರಿಸುತ್ತಿದ್ದವರು. ಎದುರಿಗೆ ಎಲ್ಲರೂ ಅವರನ್ನು ಮೇಸ್ತ್ರಿಗಳೇ ಎನ್ನುತ್ತಿದ್ದರು, ಬೆನ್ನು ತಿರುಗಿಸಿದರೆ ಗೊಣಗಪ್ಪ.

ಹೆಸರು ಸುಮ್ಮನೆ ಬಂದದ್ದಲ್ಲ. ಬೆಳಿಗ್ಗೆ ಗೇಟು ದಾಟುವಾಗಲೇ ಶುರು. ನೆಲ ಜಾರುತ್ತದೆ, ಬೆಲ್ಟು ಸಡಿಲವಾಗಿದೆ, ನಲ್ಲಿಯಲ್ಲಿ ನೀರಿಲ್ಲ, ನೀರು ಬಂದರೆ ಅದು ತಣ್ಣಗಿದೆ. ಒಂದು ದಿನ ಗೊಣಗುವುದಕ್ಕೆ ಏನೂ ಸಿಗದೆ, ಇವತ್ತು ಎಲ್ಲಾ ಸರಿಯಿದೆಯಲ್ಲ, ಏನೋ ಕೆಡುಕು ಕಾದಿದೆ ಎಂದು ಗೊಣಗಿದ್ದನ್ನು ನಾನೇ ಕೇಳಿದ್ದೇನೆ. ಹದಿನಾರರ ವಯಸ್ಸಿಗೆ ಗಿರಣಿ ಸೇರಿದವರು, ನಾನು ನೋಡುವ ಹೊತ್ತಿಗೆ ಐವತ್ತಾರು. ತೆಳ್ಳನೆ ದೇಹ, ಹುಬ್ಬಿನ ತುಂಬ ಹಿಂಡಿಯ ಧೂಳು, ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಸ್ಪ್ಯಾನರು.

ಅಂಚು ಯಂತ್ರ ಎಂದರೆ ಏನು ಎಂದು ಹೇಳಬೇಕು. ಪುಡಿಮಾಡಿ ಬೇಯಿಸಿದ ಹತ್ತಿಬೀಜವನ್ನು ಬಟ್ಟೆಯಲ್ಲಿ ಸುತ್ತಿ, ಪ್ರೆಸ್ಸಿನ ತಟ್ಟೆಗಳ ನಡುವೆ ಇಟ್ಟು ಒತ್ತುತ್ತಾರೆ. ಎಣ್ಣೆ ಸೋರಿ ಹೋದಮೇಲೆ ಬಟ್ಟೆ ಬಿಚ್ಚಿದರೆ ಒಳಗೆ ಹಲಗೆಯಂಥ ಹಿಂಡಿ, ಇನ್ನೂ ಬಿಸಿ. ನಡುಭಾಗ ಒಣಗಿ ಗಟ್ಟಿಯಾಗಿರುತ್ತದೆ. ಆದರೆ ಎಣ್ಣೆ ಹೊರಗೆ ಓಡುವುದು ಅಂಚಿನ ಕಡೆಗೆ ತಾನೇ? ಅಲ್ಲಿ ಒಂದೆರಡು ಬೆರಳಗಲ ಮೆತ್ತಗೆ, ಜಿಡ್ಡಾಗಿ ಉಳಿದುಬಿಡುತ್ತದೆ. ನಾಲ್ಕೂ ಬದಿಯಲ್ಲಿ ಅದನ್ನು ಕತ್ತರಿಸಿ ಮತ್ತೆ ಪುಡಿಮಾಡಿ ಒತ್ತುವುದಕ್ಕೆ ಕಳಿಸಬೇಕು. ಆ ಕೆಲಸದ ಯಂತ್ರ ಇದು. ಸೊಂಟದೆತ್ತರದ ಕಬ್ಬಿಣದ ಮೇಜು, ಅದರ ಬಲಬದಿಯಲ್ಲಿ ಗಿರಗಿರ ತಿರುಗುವ ಹಲ್ಲಿನ ಚಕ್ರ. ಎಡಗೈಯಲ್ಲಿ ಹಿಂಡಿಯನ್ನು ಅದುಮಿ ಹಿಡಿದು, ಬಲಗೈಯಲ್ಲಿ ಚಕ್ರದತ್ತ ನೇರವಾಗಿ ತಳ್ಳಬೇಕು. ಒಂದೊಂದು ಹಿಂಡಿಯಲ್ಲಿ ಮೆತ್ತನೆಯ ಭಾಗ ಒಂದೊಂದು ಅಗಲ, ಅದನ್ನು ತಳ್ಳುವ ಕೈಯ ಹೆಬ್ಬೆರಳೇ ಹೇಳಬೇಕು. ಕಡಿಮೆ ಕತ್ತರಿಸಿದರೆ ಎಣ್ಣೆ ದನದ ಹೊಟ್ಟೆ ಸೇರುತ್ತದೆ. ಜಾಸ್ತಿ ಕತ್ತರಿಸಿದರೆ ಪ್ರೆಸ್ಸಿನವರು ಶಾಪ ಹಾಕುತ್ತಾರೆ. ಓರೆಯಾಗಿ ಕತ್ತರಿಸಿದರೆ ಗೋದಾಮಿನಲ್ಲಿ ಪೇರಿಸಿದ ಹಿಂಡಿಯ ಅಟ್ಟಿ ವಾಲಿಕೊಂಡು ಬೀಳುತ್ತದೆ.

ನಮ್ಮವರು, ಅಂದರೆ ನನ್ನ ಗಂಡ, ಅದೇ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದರು. ಒಂದು ದಿನ ಮೂಟೆಯ ಸಾಲೇ ಜಾರಿ ಅವರ ಬೆನ್ನ ಮೇಲೆ ಬಿತ್ತು. ಜೀವ ಉಳಿಯಿತು, ಹೊರುವ ಬೆನ್ನು ಉಳಿಯಲಿಲ್ಲ. ನಾವಿದ್ದದ್ದು ಗಿರಣಿಯ ಸಾಲುಮನೆಯ ಒಂದು ಕೋಣೆಯಲ್ಲಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳ ಜೊತೆ. ಕೆಲಸವಿದ್ದವರಿಗೆ ಮಾತ್ರ ಆ ಕೋಣೆ. ಮ್ಯಾನೇಜರ್ ಕೆಟ್ಟವರಲ್ಲ. ಅಂಚು ಯಂತ್ರದ ಎರಡನೇ ಪಾಳಿಯವನು ಬಿಟ್ಟು ಹೋಗಿದ್ದಾನೆ, ಮೂರು ವಾರದಲ್ಲಿ ಕಲಿತರೆ ಕೆಲಸ ನಿನ್ನದು, ಇಲ್ಲವಾದರೆ ಕೋಣೆ ಖಾಲಿ ಮಾಡಬೇಕಾಗುತ್ತದೆ ಎಂದರು. ಎಲ್ಲಿಗೆ ಹೋಗುವುದು? ಹೋಗುವುದಕ್ಕೆ ನಮಗೆ ಯಾವ ಜಾಗವೂ ಇರಲಿಲ್ಲ.

ಹಾಗೆ ನಾನು ಗೊಣಗಪ್ಪನವರ ಪಕ್ಕದಲ್ಲಿ ನಿಂತೆ. ಎರಡು ವಾರ ಕಳೆದರೂ ನನ್ನ ಒಂದು ಹಿಂಡಿಯಾದರೂ ನೆಟ್ಟಗಾಗಲಿಲ್ಲ. ಒಂದು ಬದಿ ಅಗಲ, ಒಂದು ಬದಿ ಕಿರಿದು. ಗೋದಾಮಿನವನು ದಿನಕ್ಕೆರಡು ಸಲ ಬಂದು, ಇದು ಹಿಂಡಿಯೋ ಹರಿದ ಚಪಾತಿಯೋ ಎಂದು ಕೇಳಿ ಹೋಗುತ್ತಿದ್ದ. ನಾನೂ ಬಿಡುತ್ತಿರಲಿಲ್ಲ, ನಿನ್ನ ಮೂತಿಗಿಂತ ನೆಟ್ಟಗಿದೆ ಎನ್ನುತ್ತಿದ್ದೆ. ಆದರೆ ಮನೆಗೆ ಹೋಗಿ ಮಕ್ಕಳ ಮುಖ ನೋಡಿದರೆ ಉಳಿದ ದಿನಗಳನ್ನು ಬೆರಳಲ್ಲಿ ಎಣಿಸುತ್ತಿದ್ದೆ. ಮೇಸ್ತ್ರಿಗಳು ಗೊಣಗುತ್ತ ನನ್ನ ಪ್ರತಿ ಹಿಂಡಿಯನ್ನೂ ಮತ್ತೆ ಸರಿಮಾಡುತ್ತಿದ್ದರು.

ಹದಿನೈದನೇ ದಿನ ಒಂದು ಹಿಂಡಿ ಮೇಜಿನಿಂದ ಜಾರಿತು. ಐದಾರು ಕಿಲೋ ತೂಕದ್ದು, ಕಾಲಮೇಲೆ ಬಿದ್ದರೆ ಬೆರಳು ಮುರಿಯುತ್ತದೆ. ನಾನು ಯೋಚಿಸುವ ಮೊದಲೇ ನನ್ನ ಎಡಗೈ ಹೋಗಿ ಅದನ್ನು ಗಾಳಿಯಲ್ಲೇ ಹಿಡಿದಿತ್ತು. ಮೇಸ್ತ್ರಿಗಳು ಗೊಣಗುವುದನ್ನು ನಿಲ್ಲಿಸಿದರು.

"ಚಿಕ್ಕವಳಿದ್ದಾಗ ಕಲ್ಲು ಯಾವ ಕೈಲಿ ಬೀಸ್ತಿದ್ದೆ?" ಎಂದರು.

"ಎಡಗೈಲಿ. ಗುರಿ ತಪ್ತಿರಲಿಲ್ಲ."

"ಮತ್ತೆ ಇಲ್ಲಿ ಯಾಕಮ್ಮ ಬಲಗೈ ಮುಂದೆ ಮಾಡ್ತೀಯ?"

ಶಾಲೆಯಲ್ಲಿ ಎಡಚಿ ಎಂದು ಗೇಲಿ ಮಾಡಿ, ಗೆಣ್ಣಿಗೆ ಪಟ್ಟಿಯಲ್ಲಿ ಹೊಡೆದು ಬಲಗೈ ಕಲಿಸಿದ್ದರು. ಅದನ್ನು ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡೇ ಬೆಳೆದೆ. ಅಲ್ಲದೆ ಯಂತ್ರ ಇರುವುದೇ ಬಲಗೈಯವರಿಗೆ. ಕೆಲಸ ಕೇಳಲು ಬಂದವಳು ಯಂತ್ರವನ್ನೇ ತಿರುಗಿಸಿ ಕೊಡಿ ಎನ್ನುವುದಕ್ಕಾಗುತ್ತದೆಯೇ? ಮೇಸ್ತ್ರಿಗಳು ಉತ್ತರಕ್ಕೆ ಕಾಯಲಿಲ್ಲ. ಕೈ ಒರೆಸಿಕೊಂಡು ಫಿಟ್ಟರ್ ಇದ್ದ ಕಡೆಗೆ ಹೋದರು. ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಮರುದಿನ ಭಾನುವಾರ, ಗಿರಣಿಗೆ ರಜೆ. ಸೋಮವಾರ ಹೋಗಿ ನೋಡಿದರೆ ಹಲ್ಲಿನ ಚಕ್ರ ಮೇಜಿನ ಎಡಬದಿಗೆ ಬಂದಿತ್ತು. ಬೆಲ್ಟನ್ನು ಕತ್ತರಿಯಾಕಾರಕ್ಕೆ ತಿರುಚಿ ಹಾಕಿ ಚಕ್ರ ಹಿಮ್ಮುಖವಾಗಿ ತಿರುಗುವಂತೆ ಮಾಡಿದ್ದರು. ನಾನು ಬಾಯಿ ಬಿಟ್ಟು ನಿಂತೆ. ನೊಣ ಹೋದೀತು, ಬಾಯಿ ಮುಚ್ಚಿಕೊಂಡು ಕೆಲಸ ಮಾಡು ಎಂದು ಗೊಣಗಿ ಮೇಸ್ತ್ರಿಗಳು ಒಂದು ಹಿಂಡಿಯನ್ನು ಮುಂದಿಟ್ಟರು. ನಾನು ಎಡಗೈ ಮುಂದೆ ಮಾಡಿದೆ. ಮೆತ್ತನೆಯದು ಎಲ್ಲಿ ಮುಗಿಯುತ್ತದೆ, ಗಟ್ಟಿ ಎಲ್ಲಿ ಶುರುವಾಗುತ್ತದೆ ಎಂದು ಹೆಬ್ಬೆರಳಿಗೆ ಮೊದಲ ಸಲ ತಿಳಿಯಿತು. ಗೀಟು ಎಳೆದ ಹಾಗೆ ಅಂಚು ಬಿತ್ತು. ನಾನು ಅಳುತ್ತಿದ್ದೆ ಎಂದು ನಮ್ಮವರ ಹತ್ತಿರ ಆಮೇಲೆ ಯಾರೋ ಹೇಳಿದರಂತೆ. ಹೌದು, ಅಳುತ್ತಿದ್ದೆ. ಅದರಲ್ಲಿ ಮುಚ್ಚುಮರೆ ಏನು?

ಆದರೆ ನಿಮ್ಮ ಪಾಳಿಗೆ ಏನು ಮಾಡುತ್ತೀರಿ ಎಂದು ಕೇಳಿದೆ.

"ನಾಲ್ಕು ಬೋಲ್ಟು ಅಷ್ಟೆ. ಬೆಳಿಗ್ಗೆ ನನ್ನ ಕೈಗೆ ತಿರುಗಿಸ್ಕೋತೀನಿ, ನೀನು ಬರೋಷ್ಟರಲ್ಲಿ ನಿನ್ನ ಕೈಗೆ ಮಾಡಿಡ್ತೀನಿ. ನೀನು ಮಾತ್ರ ಬೋಲ್ಟು ಮುಟ್ಟಬೇಡ."

ನಾನು ನಂಬಿದೆ. ನನ್ನ ದಡ್ಡತನಕ್ಕೆ ಏನು ಹೇಳಲಿ? ಮಧ್ಯಾಹ್ನ ಎರಡಕ್ಕೆ ನಾನು ಹೋದಾಗ ಯಂತ್ರ ಒರೆಸಿ, ನನ್ನ ಕೈಗೆ ಸಿದ್ಧವಾಗಿರುತ್ತಿತ್ತು. ಮೇಸ್ತ್ರಿಗಳು ಆಗಲೇ ಮುಖ ತೊಳೆದುಕೊಂಡು ಹೊರಗೆ ಕೂತಿರುತ್ತಿದ್ದರು. ಮೂರನೇ ವಾರದ ಕೊನೆಗೆ ಮ್ಯಾನೇಜರ್ ನನ್ನ ಹಿಂಡಿಗಳನ್ನು ಒಂದರ ಮೇಲೊಂದು ಇಟ್ಟು ನೋಡಿ, ಕೆಲಸ ನಿನ್ನದು ಎಂದರು. ಕೋಣೆ ಉಳಿಯಿತು.

ಇನ್ನು ನನ್ನ ಬಾಯಿಯ ವಿಷಯ. ಅದೇ ತಿಂಗಳು ಗೋದಾಮಿನಲ್ಲಿ ಅಟ್ಟಿಗಳು ವಾಲತೊಡಗಿದವು. ಓರೆ ಹಿಂಡಿ ಬರುತ್ತಿದ್ದದ್ದು ಬೆಳಗಿನ ಪಾಳಿಯಿಂದ. ಗೊಣಗಪ್ಪನಿಗೆ ವಯಸ್ಸಾಯಿತು, ಕಣ್ಣು ಮಂಜಾಯಿತು ಎಂದು ನನ್ನ ಪಾಳಿಯವರೆಲ್ಲ ಆಡಿಕೊಂಡರು. ನಾನೂ ನಕ್ಕೆ. ಹೊಸ ಕೈ ಬಂದ ಜಂಬ, ಕಾಲು ನೆಲದ ಮೇಲಿರಲಿಲ್ಲ. ಒಂದು ಮಧ್ಯಾಹ್ನ ಮ್ಯಾನೇಜರ್ ಓರೆ ಹಿಂಡಿಯೊಂದನ್ನು ಎತ್ತಿಕೊಂಡು ಬಂದು, ಮೇಸ್ತ್ರಿಗಳೂ ನಾನೂ ಇದ್ದ ಕಡೆ ನಿಂತು, ಇದು ಯಾರದು ಎಂದು ಕೇಳಿದರು.

"ನನ್ನವು ಹೀಗಿರಲ್ಲ ಸರ್," ಎಂದೆ.

ಹತ್ತು ಜನರ ಎದುರಿಗೆ ಹಾಗೆಂದೆ. ಮೇಸ್ತ್ರಿಗಳು ತಲೆ ಆಡಿಸಿ, ನನ್ನದು ಸರ್, ಸರಿಮಾಡ್ಕೋತೀನಿ ಎಂದರು. ನಲವತ್ತು ವರ್ಷದಲ್ಲಿ ಅವರಿಗೆ ಮೊದಲ ಎಚ್ಚರಿಕೆ ಪತ್ರ ಬಂತು. ಅದೂ ಸಾಲದು ಎನ್ನುವ ಹಾಗೆ ನಾನು ಅವರ ಹತ್ತಿರ ಹೋಗಿ, ಕಣ್ಣು ತೋರಿಸಿಕೊಳ್ಳಿ ಮೇಸ್ತ್ರಿಗಳೇ ಎಂದು ಬುದ್ಧಿ ಹೇಳಿದೆ. ಹೂಂ ಎಂದರು. ಒಂದೂವರೆ ತಿಂಗಳಲ್ಲಿ ಅವರ ಹಿಂಡಿಗಳು ಮೊದಲಿನಂತಾದವು. ಎಲ್ಲರೂ ಅದನ್ನು ಮರೆತರು, ನಾನೂ ಮರೆತೆ.

ನಾನು ಕೆಲಸಕ್ಕೆ ಸೇರಿ ಏಳು ತಿಂಗಳಾದ ಮೇಲೆ ಅವರು ನಿಜವಾಗಿಯೂ ಕಣ್ಣು ತೋರಿಸಿಕೊಂಡರು. ಪೊರೆ ಬಂದಿತ್ತು, ಆಪರೇಷನ್ ಆಯಿತು, ಹದಿನೈದು ದಿನ ರಜೆ. ಬದಲಿಗೆ ಬಂದವನು ಬಲಗೈಯವನು. ಮ್ಯಾನೇಜರ್ ಫಿಟ್ಟರನ್ನು ಕರೆದು, ಬೆಳಗಿನ ಹೊತ್ತು ಆ ಕಡೆಗೆ, ಮಧ್ಯಾಹ್ನ ಈ ಕಡೆಗೆ ತಿರುಗಿಸುತ್ತೀರಲ್ಲ, ಹಾಗೇ ಮಾಡು ಎಂದರು. ವಿಷಯ ತಿಳಿದು ನಾನೂ ಬೇಗ ಬಂದು ನಿಂತಿದ್ದೆ. ಫಿಟ್ಟರ್ ನನ್ನ ಮುಖ ನೋಡಿದ, ನೆಲ ನೋಡಿದ, ಕಿವಿ ಕೆರೆದುಕೊಂಡ.

"ದಿನಾ ಎಲ್ಲಿ ತಿರುಗಿಸ್ತೀವಿ ಸರ್? ಒಂದು ಸಲ ತಿರುಗಿಸೋಕೇ ಭಾನುವಾರ ಪೂರ್ತಿ ಹಿಡೀತು. ಆಮೇಲೆ ಆ ಬೋಲ್ಟು ಬಿಚ್ಚೇ ಇಲ್ಲ. ಮೇಸ್ತ್ರಿ ಎಡಗೈ ಕಲ್ತ್ಕೊಂಡ್ರು. ಯಾರಿಗೂ ಹೇಳಬೇಡಿ ಅಂತ ಬೆಳಗಿನೋರಿಗೆಲ್ಲಾ ಬಾಯಿ ಕಟ್ಟಿದ್ರು."

ನಾನು ಬಗ್ಗಿ ನೋಡಿದೆ. ಬೋಲ್ಟಿನ ಸುತ್ತ ಹಿಂಡಿಯ ಪುಡಿ ಜಿಡ್ಡಿನ ಜೊತೆ ಸೇರಿ ಗಾರೆ ಹಾಕಿದ ಹಾಗೆ ಒಣಗಿ ಕೂತಿತ್ತು. ಏಳು ತಿಂಗಳು ಅದರ ಪಕ್ಕದಲ್ಲೇ ನಿಂತಿದ್ದೆ, ಒಂದು ದಿನ ಕಣ್ಣು ಹಾಯಿಸಿರಲಿಲ್ಲ. ಓರೆ ಹಿಂಡಿಗಳು, ಎಚ್ಚರಿಕೆ ಪತ್ರ, ಹತ್ತು ಜನರ ನಗು ಎಲ್ಲಾ ಒಟ್ಟಿಗೆ ತಲೆಗೆ ಬಂತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆದರೆ ನಾಚಿಕೊಂಡು ನಿಲ್ಲುವುದಕ್ಕೂ ಹೊತ್ತಿರಲಿಲ್ಲ. ಯಂತ್ರ ಬಲಗಡೆಗೆ ಹೋದರೆ ನನ್ನ ಕೆಲಸ ಹೋದ ಹಾಗೆಯೇ. ಹದಿನೈದು ದಿನ ಎರಡೂ ಪಾಳಿ ನಾನೇ ಮಾಡುತ್ತೇನೆ, ಬೋಲ್ಟು ಮುಟ್ಟಬೇಡಿ ಎಂದು ಮ್ಯಾನೇಜರ್‌ಗೆ ಹೇಳಿದೆ. ಓರೆ ಹಿಂಡಿಗಳು ನನ್ನ ದೆಸೆಯಿಂದ ಆದದ್ದು, ಆ ಪತ್ರದಲ್ಲಿ ಅದನ್ನೂ ಬರೆಯಿರಿ ಎಂದೂ ಹೇಳಿದೆ. ಹಳೆಯ ಪತ್ರ, ಬಿಡಮ್ಮ ಎಂದರು. ನಾನು ಸುಮ್ಮನಿರುವ ಜಾತಿಯಲ್ಲ. ಕೊನೆಗೆ ಫೈಲು ತರಿಸಿ ಪತ್ರದ ಕೆಳಗೆ, ಯಂತ್ರ ಬದಲಾಯಿಸಿದ ಕಾರಣ, ಕೆಲಸಗಾರರ ತಪ್ಪಿಲ್ಲ ಎಂದು ಬರೆದು ಸಹಿ ಹಾಕಿದರು. ಎರಡು ಪಾಳಿಗೂ ಒಪ್ಪಿದರು. ನಮ್ಮವರು ಕೋಲು ಊರಿಕೊಂಡು ಮಧ್ಯಾಹ್ನದ ಡಬ್ಬಿ ತಂದುಕೊಡುತ್ತಿದ್ದರು. ಅವರ ಅಡುಗೆಯಲ್ಲಿ ಉಪ್ಪು ಒಂದೋ ಇರುತ್ತಿರಲಿಲ್ಲ, ಇಲ್ಲವೇ ಉಪ್ಪೇ ಇರುತ್ತಿತ್ತು. ಕಮಕ್ ಕಿಮಕ್ ಎನ್ನದೆ ತಿಂದೆ.

ಆ ಯಂತ್ರದ ಮುಂದೆ ಆಮೇಲೆ ಹತ್ತೊಂಬತ್ತು ವರ್ಷ ನಿಂತೆ. ಮಕ್ಕಳಿಬ್ಬರೂ ಆ ಕೋಣೆಯಲ್ಲೇ ಓದಿ ದೊಡ್ಡವರಾದರು. ಮೇಸ್ತ್ರಿಗಳು ನಿವೃತ್ತರಾಗಿ, ಮನೆಯಲ್ಲಿ ಗೊಣಗಿಕೊಂಡು ಎಂಟು ವರ್ಷ ಬದುಕಿ, ಹೋದರು. ನಾನು ತಿಂದ ಅನ್ನದಲ್ಲಿ ಅವರ ಋಣವಿದೆ. ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಅವರ ಮುಂದೆ ಹೇಳಲು ಹೋದದ್ದು ಮಾತ್ರ ಒಂದೇ ಸಲ, ಆ ಹದಿನೈದು ದಿನದ ನಡುವೆ ಬಂದ ಭಾನುವಾರ.

ಎರಡು ಕೋಣೆಯ ಮನೆ, ಬಾಗಿಲಲ್ಲಿ ಹಳೆಯ ಸೈಕಲ್ಲು. ಒಂದು ಕಣ್ಣಿಗೆ ಹತ್ತಿ ಕಟ್ಟಿಕೊಂಡು ಅವರು ಕುರ್ಚಿಯಲ್ಲಿ ಕೂತಿದ್ದರು, ದೀಪ ಜೋರಾಗಿದೆ ಎಂದು ಗೊಣಗುತ್ತ. ಅವರ ಹೆಂಡತಿ ನನ್ನನ್ನು ಕಂಡದ್ದೇ ನಗಲು ಶುರುಮಾಡಿದರು. ನೀನೇನಾ ಆ ಎಡಗೈಯವಳು, ನಿನ್ನಿಂದ ನಮ್ಮನೆಯಲ್ಲಿ ಒಂದು ತಿಂಗಳು ಒಂದು ಸೋಪೂ ಚೌಕವಾಗಿರಲಿಲ್ಲ ಎಂದರು. ಬಟ್ಟೆ ಸೋಪಿನ ಉದ್ದನೆಯ ಬಾರುಗಳನ್ನು ತಂದು ಎಡಗೈಯಲ್ಲಿ ಕತ್ತರಿಸಿ ಕತ್ತರಿಸಿ ಅಭ್ಯಾಸ ಮಾಡಿದರಂತೆ. ಗಡ್ಡವನ್ನೂ ಎಡಗೈಯಲ್ಲೇ ಕೆರೆದುಕೊಂಡು ಗಲ್ಲ ಗಾಯ ಮಾಡಿಕೊಂಡರಂತೆ. ಮೇಸ್ತ್ರಿಗಳು, ಸಾಕು ನಿನ್ನ ಪುರಾಣ, ಚಹಾ ಇಡು ಎಂದು ಅವರನ್ನು ಒಳಗೆ ಕಳಿಸಿದರು.

ನನ್ನ ಜೋರು ಬಾಯಿ ಅವತ್ತು ಕೈಕೊಟ್ಟಿತು. ಕಣ್ಣು ಹೇಗಿದೆ, ಊಟ ಸೇರುತ್ತಾ ಎಂದೆಲ್ಲ ಕೇಳಿ ಮುಗಿದ ಮೇಲೆ, "ಅವತ್ತು ಎಲ್ಲರ ಮುಂದೆ ಅವು ನನ್ನವಲ್ಲ ಅಂದುಬಿಟ್ಟೆ, ಮೇಸ್ತ್ರಿಗಳೇ," ಎಂದೆ.

"ನಿನ್ನವಾಗಿರಲಿಲ್ವಲ್ಲ. ನನ್ನವೇ. ನೀನು ಇದ್ದದ್ದನ್ನೇ ಹೇಳಿದೆ."

"ನನಗಾದ್ರೂ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ದಿನಾ ಯಂತ್ರದ ಮುಂದೆ ನಿಂತು ಅಳ್ತಿದ್ದೆ. ಹಿಂಡಿ ಕತ್ತರಿಸೋರು ಯಾರು?"

ನಾನು ಆಗಲೇ ಅಳುತ್ತಿದ್ದೆ. ಅವರು ಅದನ್ನು ನೋಡದವರ ಹಾಗೆ ಮುಖ ತಿರುಗಿಸಿ, ಎರಡು ಪಾಳಿ ಮಾಡುತ್ತೀಯಂತೆ, ಬುದ್ಧಿ ಇದೆಯಾ ಎಂದು ಸ್ವಲ್ಪ ಗೊಣಗಿದರು. ಆಮೇಲೆ ಹೆಂಡತಿ ಚಹಾ ತಂದುಕೊಟ್ಟು ಹೋದ ತಟ್ಟೆಯನ್ನು ಮುಂದಕ್ಕೆ ಎಳೆದುಕೊಂಡು, ಅದರ ಮೇಲೆ ಮಡಿಸಿದ ಪೇಪರನ್ನು ಹಿಂಡಿಯ ಹಾಗೆ ಇಟ್ಟು, ತಮ್ಮ ಎಡಗೈಯನ್ನು ಅದರ ಮೇಲಿಟ್ಟರು. ಬೆರಳುಗಳ ಮೇಲೆ ಮೂರು ಗಾಯದ ಗುರುತುಗಳಿದ್ದವು.

"ಮೂರು ಅಂಚು ಸರಿಯಾಗಿ ಬರುತ್ತೆ ತಾಯಿ. ನಾಲ್ಕನೇದು ಈಗಲೂ ಒಂದು ಕೂದಲಷ್ಟು ಓರೆ ಹೋಗುತ್ತೆ. ಯಾರನ್ನ ಕೇಳಲಿ? ನೀನು ಮಣಿಕಟ್ಟು ಹೇಗಿಟ್ಕೋತೀಯ, ಒಂದ್ಸಲ ತೋರಿಸು."

ಸೆರಗಿನಿಂದ ಕಣ್ಣೊರೆಸಿಕೊಂಡು ನಾನು ಅವರ ಮಣಿಕಟ್ಟು ಹಿಡಿದೆ. ಸ್ವಲ್ಪ ಒಳಗೆ ಬಾಗಿಸಬೇಕು, ಮೊಳಕೈ ಮೈಗೆ ಅಂಟಿರಬೇಕು ಎಂದು ಹೇಳಿ, ಅವರ ಕೈಯನ್ನು ನನ್ನ ಕೈಯಿಂದ ನಿಧಾನವಾಗಿ ಮುಂದಕ್ಕೆ ತಳ್ಳಿದೆ. ಮೊದಲ ಸಲ ಬಿಗಿ ಹಿಡಿದರು. ಎರಡನೇ ಸಲ ಪೇಪರು ಜಾರಿತು, ತಟ್ಟೆ ಸರಿಯಿಲ್ಲ ಎಂದು ಗೊಣಗಿದರು. ಮೂರನೇ ಸಲ ನಾನು ಕೈಬಿಟ್ಟೆ, ಅವರೇ ನೆಟ್ಟಗೆ ತಳ್ಳಿದರು.